ಪಂಚಗಂಗಾ ಅಂದ್ರೆ ಬರೀ ಟ್ರೇನ್ ಅಲ್ಲ

ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ರಾತ್ರಿ ರೈಲಿನ ಹೆಸರು ಪಂಚಗಂಗಾ ಎಕ್ಸ್‌ಪ್ರೆಸ್. ಮೂರನೇ ಸೆಮ್ ಎಕ್ಸಾಮ್ ಮುಗಿಸಿ ನಾವು ಐದು ಜನ ಅದರಲ್ಲಿ ಹೊರಟಾಗ, ಈ ಹೆಸರು ಕೊಲ್ಹಾಪುರದ ಪಂಚಗಂಗಾ ನದಿಯದ್ದು ಅಂತ ನಮ್ಮಲ್ಲಿ ನಾಲ್ಕು ಜನ ನಂಬಿದ್ದೆವು. ಐದನೆಯವನು ಕುಂದಾಪುರದವನು. ಮೇಲಿನ ಬರ್ತ್‌ನಿಂದ ತಲೆ ಹೊರಗೆ ಹಾಕಿ, "ಎಂತ ಮಾರಾಯ್ರೆ, ನಮ್ಮೂರ್ ಹೊಳಿ ಹೆಸ್ರ್ ಮಹಾರಾಷ್ಟ್ರಕ್ಕೆ ಕೊಟ್ರ್ಯಾ?" ಅಂತ ಕೇಳಿದ. ನಮಗೆ ಉತ್ತರ ಗೊತ್ತಿರಲಿಲ್ಲ. ಬೆಳಗಾಗುವ ಮೊದಲೇ ಕುಂದಾಪುರದಲ್ಲಿ ಇಳಿದೆವು.

ನಮ್ಮ ಕೈಯಲ್ಲಿ ಒಂದು ಲಿಸ್ಟ್ ಇತ್ತು. ಮರವಂತೆ, ಕೊಲ್ಲೂರು, ಒತ್ತಿನೆಣೆ, ಬಾರಕೂರು, ಸಾಲಿಗ್ರಾಮದ ಕಯಾಕಿಂಗ್ ಹೀಗೆ ನೆಟ್‌ನಲ್ಲಿ ಸಿಗುವ ಎಲ್ಲ 'ಸ್ಪಾಟ್'ಗಳು. ಒಂದಾದ ಮೇಲೆ ಒಂದು ಟಿಕ್ ಹಾಕುವ ಪ್ಲ್ಯಾನ್. ಆದರೆ ಗೆಳೆಯನ ಮನೆಯ ಜಗಲಿಯಲ್ಲಿ ಕೂತು ಫೋನಿನಲ್ಲಿ ಸ್ಯಾಟಲೈಟ್ ಮ್ಯಾಪ್ ತೆರೆದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನಮ್ಮ ಲಿಸ್ಟಿನ ಹೆಚ್ಚುಕಡಿಮೆ ಪ್ರತಿ ಜಾಗದ ಪಕ್ಕದಲ್ಲೂ ಒಂದು ನದಿ ಇದೆ. ದೇವಸ್ಥಾನ, ಹಳೇ ಬಂದರು, ಬೀಚ್, ಪವರ್ ಹೌಸ್ ಎಲ್ಲವನ್ನೂ ಪೋಣಿಸಿರುವ ದಾರ ಹೈವೇ ಅಲ್ಲ, ನೀರು. ಹೀಗಾಗಿ ಈ ಲೇಖನದಲ್ಲಿ ಕುಂದಾಪುರ, ಬೈಂದೂರು, ಬ್ರಹ್ಮಾವರವನ್ನು ನಾವು ನೀರಿನ ದಾರಿಯಲ್ಲೇ ತೋರಿಸುತ್ತೇವೆ.

ಮೊದಲು ಮ್ಯಾಪ್

1997ರಲ್ಲಿ ದಕ್ಷಿಣ ಕನ್ನಡದಿಂದ ಬೇರೆಯಾಗಿ ಉಡುಪಿ ಜಿಲ್ಲೆ ಆದಾಗ ಅದರಲ್ಲಿ ಇದ್ದದ್ದು ಉಡುಪಿ, ಕುಂದಾಪುರ, ಕಾರ್ಕಳ ಅನ್ನುವ ಮೂರೇ ತಾಲೂಕು. ಬೈಂದೂರು ಮತ್ತು ಬ್ರಹ್ಮಾವರ ಪ್ರತ್ಯೇಕ ತಾಲೂಕುಗಳಾದದ್ದು 2018ರಲ್ಲಿ. ಉತ್ತರದಲ್ಲಿ ಬೈಂದೂರು, ನಡುವೆ ಕುಂದಾಪುರ, ದಕ್ಷಿಣಕ್ಕೆ ಬ್ರಹ್ಮಾವರ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಘಟ್ಟ.

ಘಟ್ಟ ಮತ್ತು ಕಡಲಿನ ನಡುವೆ ಜಾಗ ತುಂಬ ಕಡಿಮೆ. ಕೊಡಚಾದ್ರಿಯ ಎತ್ತರ 1343 ಮೀಟರ್. ಅಲ್ಲಿಂದ ಮರವಂತೆಯ ಸಮುದ್ರಕ್ಕೆ ಮ್ಯಾಪಿನ ಮೇಲೆ ನೇರ ಗೆರೆ ಎಳೆದರೆ ಸುಮಾರು 30 ಕಿ.ಮೀ. ಮಾತ್ರ. ಕಾವೇರಿಯ ಜೊತೆ ಹೋಲಿಸಿ ನೋಡಿ. ತಲಕಾವೇರಿಯೂ ಹೆಚ್ಚುಕಡಿಮೆ ಇದೇ ಎತ್ತರದಲ್ಲಿದೆ, ಆದರೆ ಕಾವೇರಿ ಸಮುದ್ರ ಸೇರಲು ಸುಮಾರು 800 ಕಿ.ಮೀ. ಹರಿಯಬೇಕು. ಇಲ್ಲಿನ ಹೊಳೆಗಳು ಅಂಕುಡೊಂಕಾಗಿ ಹರಿಯುತ್ತವೆ ಅಂತ ಲೆಕ್ಕ ಹಾಕಿದರೂ, ಕಾವೇರಿ ನಿಧಾನವಾಗಿ ಮೆಟ್ಟಿಲು ಇಳಿದರೆ ಇವು ಜಾರುಬಂಡಿಯಲ್ಲಿ ಇಳಿದ ಹಾಗೆ.

ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ಮುಂದಿನದು ಗೊತ್ತು. ವೇಗ ಇರುವ ನೀರು ಮಣ್ಣು, ಮರಳು ಹೊತ್ತು ತರುತ್ತದೆ. ವೇಗ ಇಳಿದ ತಕ್ಷಣ ಹೊತ್ತದ್ದನ್ನು ಕೆಳಗೆ ಹಾಕುತ್ತದೆ. ಘಟ್ಟ ಇಳಿದ ಹೊಳೆ ಕರಾವಳಿಯ ಸಮತಟ್ಟಿಗೆ ಬಂದಾಗ ಆಗುವುದು ಅದೇ. ನದಿಯ ನಡುವೆ ಮಣ್ಣು ನಿಂತು ದ್ವೀಪವಾದರೆ ಅದು 'ಕುದ್ರು'. ನದಿ ಮತ್ತು ಕಡಲಿನ ನಡುವೆ ಮರಳಿನ ಉದ್ದ ಪಟ್ಟಿ ನಿಂತರೆ ಅದು 'ಬೆಂಗ್ರೆ'. ನದಿ ಕಡಲು ಸೇರುವ ಬಾಯಿ 'ಅಳಿವೆ'. ಈ ಮೂರು ಪದ ಗೊತ್ತಿದ್ದರೆ ಇಲ್ಲಿನ ಅರ್ಧ ಊರುಗಳ ಹೆಸರು, ಕಥೆ ಎರಡೂ ಅರ್ಥವಾಗುತ್ತೆ.

ಪಂಚಗಂಗಾ ಅಂದರೆ ಏನು ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಕೇದಕ ಅನ್ನುವ ಐದು ಹೊಳೆಗಳು ಕುಂದಾಪುರದ ಬಳಿ ಒಟ್ಟಾಗಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುತ್ತವೆ. ಇದೇ ಪಂಚಗಂಗಾವಳಿ. ಕುಂದಾಪುರದ ದಡದಲ್ಲಿ ನಿಂತರೆ ಗಂಗೊಳ್ಳಿಯ ಮೀನುಗಾರಿಕಾ ಬಂದರು ಎದುರಿಗೇ ಕಾಣುತ್ತದೆ. ಈಜಿದರೆ ಸಿಗುತ್ತೆ ಅನ್ನಿಸುವಷ್ಟು ಹತ್ತಿರ, ಆದರೆ ರಸ್ತೆಯಲ್ಲಿ ಹೋಗಬೇಕಾದರೆ ಹೆಮ್ಮಾಡಿ, ತ್ರಾಸಿ ಸುತ್ತಿ ಬರಬೇಕು. (ಈಜಬೇಡಿ, ದಯವಿಟ್ಟು.)

ಮೇಲಿನ ತುದಿ: ಕೊಲ್ಲೂರು, ಕೊಡಚಾದ್ರಿ

ಬೈಂದೂರು ತಾಲೂಕಿನ ಕೊಲ್ಲೂರು ಎಲ್ಲರಿಗೂ ಗೊತ್ತಿರುವ ಮೂಕಾಂಬಿಕೆಯ ಊರು. ಕರ್ನಾಟಕದವರಷ್ಟೇ ಕೇರಳದವರೂ ಇಲ್ಲಿಗೆ ಬರುತ್ತಾರೆ. ಬೈಂದೂರು ಸ್ಟೇಷನ್ನಿಗೆ 'ಮೂಕಾಂಬಿಕಾ ರೋಡ್' ಅಂತಲೇ ಹೆಸರು. ವಿಜಯದಶಮಿಯ ದಿನ ಸಣ್ಣ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವುದು ಇಲ್ಲಿನ ದೊಡ್ಡ ಸಂಪ್ರದಾಯ. ಬ್ಯಾಕ್‌ಲಾಗ್ ಇರುವವರಿಗೆ ಪ್ರತ್ಯೇಕ ಸಾಲು ಇಲ್ಲ, ವಿಚಾರಿಸಿ ನೋಡಿದ್ದೇವೆ.

ಊರಿನ ಪಕ್ಕದಲ್ಲೇ ಸೌಪರ್ಣಿಕಾ ಹರಿಯುತ್ತದೆ. ಸುಪರ್ಣ ಅಂದರೆ ಗರುಡ, ಅವನು ಇಲ್ಲಿ ತಪಸ್ಸು ಮಾಡಿದ್ದರಿಂದ ನದಿಗೆ ಆ ಹೆಸರು ಅಂತ ಸ್ಥಳಪುರಾಣ. ಸುತ್ತಲಿನ ಕಾಡು ಮೂಕಾಂಬಿಕಾ ವನ್ಯಜೀವಿ ಅಭಯಾರಣ್ಯ. ಕೊಡಚಾದ್ರಿ ಶಿವಮೊಗ್ಗ ಜಿಲ್ಲೆಗೆ ಸೇರಿದ್ದು, ಆದರೂ ಕೊಲ್ಲೂರಿನಿಂದ ಜೀಪುಗಳು ಹೋಗುತ್ತವೆ. ಆ ಜೀಪಿನ ರಸ್ತೆಯಲ್ಲಿ ಕುಲುಕಿದ ನಮ್ಮ ಬೆನ್ನು ಎರಡು ದಿನ ಮಾತಾಡಲಿಲ್ಲ. ಆದರೆ ಮೇಲೆ ನಿಂತು ಪಶ್ಚಿಮಕ್ಕೆ ನೋಡಿದಾಗ, ಕೆಳಗಿನ ಕಾಡಿನಲ್ಲಿ ಬಿದ್ದ ಮಳೆಗೆ ಕಡಲಿನ ತನಕ ಎಷ್ಟು ಕಡಿಮೆ ದಾರಿ ಅಂತ ಲೆಕ್ಕ ಹಾಕದೆಯೇ ಗೊತ್ತಾಯಿತು.

ಇಳಿಯುವ ನೀರಿಗೆ ಇಂಜಿನಿಯರಿಂಗ್ ಸೇರಿದರೆ ಏನಾಗುತ್ತದೆ ಅನ್ನುವುದಕ್ಕೆ ವಾರಾಹಿ ಉದಾಹರಣೆ. ಘಟ್ಟದ ಮೇಲೆ ಮಾಣಿ ಅಣೆಕಟ್ಟು, ಘಟ್ಟದ ಕೆಳಗೆ ಕುಂದಾಪುರ ತಾಲೂಕಿನ ಹೊಸಂಗಡಿಯಲ್ಲಿ ನೆಲದೊಳಗೆ ಕೊರೆದು ಕಟ್ಟಿದ ಪವರ್ ಹೌಸ್. 115 ಮೆಗಾವ್ಯಾಟ್‌ನ ನಾಲ್ಕು ಘಟಕ, ಒಟ್ಟು 460 ಮೆಗಾವ್ಯಾಟ್. ನೀರು ಅಷ್ಟೇ ಇದ್ದು ಬೀಳುವ ಎತ್ತರ ಎರಡರಷ್ಟಾದರೆ ವಿದ್ಯುತ್ತೂ ಎರಡರಷ್ಟು ಅನ್ನುವ ಸೂತ್ರ ನಮಗೆ ಬರೀ ಐದು ಮಾರ್ಕಿನ ಪ್ರಶ್ನೆ ಆಗಿತ್ತು. ಇಲ್ಲಿ ಅದಕ್ಕಾಗಿ ಒಂದು ಬೆಟ್ಟವನ್ನೇ ಕೊರೆದಿದ್ದಾರೆ. ಬೆಲೆಯೂ ಇದೆ. ವಾರಾಹಿಯದ್ದೇ ಕುಂಚಿಕಲ್ ಜಲಪಾತ ಈಗ ಮಳೆಗಾಲದಲ್ಲಿ ಮಾತ್ರ ಮೈದುಂಬುತ್ತದೆ.

ಕೆರಾಡಿ ಕಡೆ ಹೋದರೆ ಮೂಡುಗಲ್ಲಿನ ಗುಹಾ ದೇವಸ್ಥಾನ ನೋಡಿ. ಬಂಡೆಯ ಒಳಗೆ ನೀರು ನಿಂತಿದೆ, ಕಾಲಿಗೆ ಮೀನು ತಾಗುತ್ತವೆ, ಆ ನೀರಿನಲ್ಲೇ ನಡೆದು ಕೇಶವನಾಥೇಶ್ವರನ ಹತ್ತಿರ ಹೋಗಬೇಕು. ಕೆರಾಡಿ 2022ರ 'ಕಾಂತಾರ' ಮಾಡಿದ ರಿಷಬ್ ಶೆಟ್ಟಿಯ ಊರು. ಸಿನಿಮಾದಲ್ಲಿ ನೋಡಿದ ಕಾಡು ಸೆಟ್ ಅಲ್ಲ ಅಂತ ಆಗ ಗೊತ್ತಾಗುತ್ತೆ.

ಮರವಂತೆಯಲ್ಲಿ ನದಿ ಯಾಕೆ ತಿರುಗುತ್ತೆ?

ಎಲ್ಲರ ಸ್ಟೇಟಸ್‌ನಲ್ಲಿ ಇರುವ ಜಾಗ ಇದು. ರಾಷ್ಟ್ರೀಯ ಹೆದ್ದಾರಿ 66, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ಫೋಟೋ ಎಲ್ಲರೂ ತೆಗೀತಾರೆ. ಪ್ರಶ್ನೆ ಯಾರೂ ಕೇಳಲ್ಲ: ಇಷ್ಟು ಹತ್ತಿರ ಬಂದ ನದಿ ಯಾಕೆ ಇಲ್ಲೇ ಸಮುದ್ರ ಸೇರಲಿಲ್ಲ? ಕಡಲಿನಿಂದ ಕೆಲವೇ ಹೆಜ್ಜೆ ದೂರದಲ್ಲಿ ತಿರುಗಿ, ದಕ್ಷಿಣಕ್ಕೆ ಸುಮಾರು 10 ಕಿ.ಮೀ. ಹೋಗಿ ಗಂಗೊಳ್ಳಿಯಲ್ಲಿ ಯಾಕೆ ಸೇರುತ್ತದೆ?

ಉತ್ತರ ಮರಳಿನಲ್ಲಿದೆ. ಅಲೆಗಳು ದಡಕ್ಕೆ ನೇರವಾಗಿ ಬರುವುದು ಕಡಿಮೆ, ಸ್ವಲ್ಪ ಓರೆಯಾಗಿ ಬಂದು ಹೊಡೆಯುತ್ತವೆ. ಪ್ರತಿ ಅಲೆಯೂ ಒಂದಿಷ್ಟು ಮರಳನ್ನು ದಡದ ಉದ್ದಕ್ಕೆ ತಳ್ಳುತ್ತದೆ. ನದಿ ತಂದ ಮರಳು, ಕಡಲು ತಳ್ಳಿದ ಮರಳು ಎರಡೂ ಸೇರಿ ದಡಕ್ಕೆ ಸಮಾನಾಂತರವಾಗಿ ದಿಬ್ಬ ಏಳುತ್ತದೆ. ನದಿ ಆ ದಿಬ್ಬದ ಹಿಂದೆಯೇ ಹರಿದು ಬಾಯಿ ಸಿಕ್ಕ ಕಡೆ ಹೊರಗೆ ಹೋಗುತ್ತದೆ. ಇಂಥ ಪಟ್ಟಿಯೇ ಬೆಂಗ್ರೆ. ಬ್ರಹ್ಮಾವರ ಕಡೆಯ ಕೋಡಿ ಬೆಂಗ್ರೆಯಲ್ಲಿ ಇದನ್ನು ಇನ್ನೂ ಚೆನ್ನಾಗಿ ನೋಡಬಹುದು. ಅಲ್ಲಿ ಸೀತಾ ಮತ್ತು ಸ್ವರ್ಣಾ ನದಿಗಳು ಕಡಲು ಸೇರುತ್ತವೆ, ನೀವು ನಿಂತ ಮರಳಿನ ಒಂದು ಪಕ್ಕ ಹೊಳೆ, ಇನ್ನೊಂದು ಪಕ್ಕ ಅಲೆ.

ಇಲ್ಲಿಂದ ವಿಷಯ ಸ್ವಲ್ಪ ಸೀರಿಯಸ್. ಮರಳು ಜಾಗ ಬದಲಿಸುತ್ತಲೇ ಇರುತ್ತದೆ. ಹೆದ್ದಾರಿ ಜಾಗ ಬದಲಿಸುವ ಹಾಗಿಲ್ಲ. ಮರವಂತೆಯಲ್ಲಿ ಕಡಲ್ಕೊರೆತ ತಡೆಯಲು ದಡದ ಉದ್ದಕ್ಕೂ ಕಲ್ಲು ಹಾಕಿದ್ದಾರೆ, ಸಮುದ್ರದೊಳಕ್ಕೆ ಚಾಚಿದ ಕಲ್ಲಿನ ಸಾಲುಗಳನ್ನೂ ಕಟ್ಟಿದ್ದಾರೆ. ಅಂಥ ಸಾಲು ದಡದ ಉದ್ದಕ್ಕೆ ಹೋಗುವ ಮರಳನ್ನು ಹಿಡಿದು ನಿಲ್ಲಿಸುತ್ತದೆ. ಒಂದು ಕಡೆ ಮರಳು ನಿಂತರೆ ಮುಂದಿನ ಊರಿಗೆ ಹೋಗಬೇಕಾದ ಮರಳು ಅಷ್ಟು ಕಡಿಮೆ. ಒಂದು ಊರನ್ನು ಉಳಿಸುವ ಡಿಸೈನ್ ಪಕ್ಕದ ಊರಿಗೆ ತೊಂದರೆ ಕೊಡದ ಹಾಗೆ ಮಾಡುವುದು ಹೇಗೆ? ಸಿವಿಲ್‌ನವರೇ, ನಿಮ್ಮ ಮೇಜರ್ ಪ್ರಾಜೆಕ್ಟ್ ಇಲ್ಲಿ ಕಾಯ್ತಾ ಇದೆ.

ನಾವು ಮಾತ್ರ ಅಷ್ಟು ಬುದ್ಧಿವಂತರಾಗಿ ನಡೆದುಕೊಳ್ಳಲಿಲ್ಲ. ಫೋಟೋಗೆ ಅಂತ ಆ ಕಲ್ಲುಗಳ ಮೇಲೆ ಇಳಿದೆವು. ಬಲೆ ಸರಿಮಾಡುತ್ತಿದ್ದ ಒಬ್ಬರು ಅಲ್ಲಿಂದಲೇ ಕೂಗಿದರು, "ಹ್ವಾಯ್, ಇಳುದ್ ಬ್ಯಾಡ, ಕಲ್ಲ್ ಜಾರತ್ತ್!" ಅವರ ಮಾತು ಮುಗಿಯುವುದರೊಳಗೆ ನಮ್ಮಲ್ಲೊಬ್ಬ ಜಾರಿದ. ಅವನನ್ನು ಎಳೆದುಕೊಂಡೆವು, ಫೋನು ಹೋಯಿತು. ಅವರು ಬೈಯಲಿಲ್ಲ. ಕೆರೆದುಹೋದ ಮೊಣಕಾಲು ನೋಡಿ ನೀರು ಕೊಟ್ಟರು ಅಷ್ಟೆ. ಆಮೇಲೆ ಬಹಳ ಹೊತ್ತು ನಾವು ಯಾರೂ ಮಾತಾಡಲಿಲ್ಲ. 2023ರ ಜುಲೈನಲ್ಲಿ ಕೊಲ್ಲೂರಿನ ಹತ್ತಿರದ ಅರಸಿನಗುಂಡಿ ಜಲಪಾತದಲ್ಲಿ ವಿಡಿಯೋಗಾಗಿ ಬಂಡೆಯ ಮೇಲೆ ನಿಂತಿದ್ದ ಯುವಕನೊಬ್ಬ ಜಾರಿ ಬಿದ್ದು ತೀರಿಹೋದದ್ದನ್ನು ನಾವೆಲ್ಲ ಫೋನಿನಲ್ಲೇ ನೋಡಿದ್ದೆವು. ನೋಡಿಯೂ ಇಳಿದಿದ್ದೆವು.

ಹಡಗು ಬರುತ್ತಿದ್ದ ಹಳ್ಳಿಗಳು

ಬ್ರಹ್ಮಾವರ ತಾಲೂಕಿನ ಬಾರಕೂರು ಈಗ ಸಣ್ಣ ಊರು. ರೈಲ್ವೆ ಸ್ಟೇಷನ್ ಇದೆ, ಪೇಟೆ ಇದೆ. ಆದರೆ ಇದು ಆಳುಪರ ರಾಜಧಾನಿ ಆಗಿತ್ತು. ವಿಜಯನಗರದ ಕಾಲದಲ್ಲಿ 'ಬಾರಕೂರು ರಾಜ್ಯ' ಅಂತ ಒಂದು ಪ್ರಾಂತ್ಯವೇ ಇತ್ತು. 'ಬಾರಕೂರ ಗದ್ಯಾಣ' ಅನ್ನುವ ನಾಣ್ಯದ ಹೆಸರು ಶಾಸನಗಳಲ್ಲಿ ಸಿಗುತ್ತದೆ. 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತ ಬರೆದ 'ಫಾಕನೂರ್' ಇದೇ ಅಂತ ಇತಿಹಾಸಕಾರರು ಗುರುತಿಸುತ್ತಾರೆ. ಊರಲ್ಲಿ ಕಾಲಿಟ್ಟ ಕಡೆ ದೇವಸ್ಥಾನ, ಒಟ್ಟು 365 ಇದ್ದವು, ದಿನಕ್ಕೊಂದು ಅಂತ ಜನ ಹೇಳುತ್ತಾರೆ. ಕತ್ತಲೆ ಬಸದಿ ಮತ್ತು ಕೋಟೆಯ ಉಳಿಕೆ ತಪ್ಪಿಸಬೇಡಿ. ಮೂಡುಕೇರಿ, ಚೌಳಿಕೇರಿ, ಕೋಟೆಕೇರಿ, ಮಣಿಗಾರಕೇರಿ ಅನ್ನುವ ಹೆಸರುಗಳು ಇವತ್ತಿಗೂ ಬಳಕೆಯಲ್ಲಿವೆ. ಒಂದು ಕಾಲದ ನಗರದ ವಾರ್ಡ್‌ಗಳು ಅಂತ ಇಟ್ಟುಕೊಳ್ಳಿ.

ಕುಂದಾಪುರದ ಪಕ್ಕದ ಬಸ್ರೂರಿನದ್ದೂ ಇದೇ ಕಥೆ. ಪೋರ್ಚುಗೀಸರು ಇದನ್ನು ಬಾರ್ಸೆಲೋರ್ ಅಂತ ಕರೆದರು. ಇಲ್ಲಿನ ಅಕ್ಕಿ ಗೋವಾಕ್ಕೆ ಹೋಗುತ್ತಿತ್ತು. 1665ರ ಫೆಬ್ರವರಿಯಲ್ಲಿ ಶಿವಾಜಿ ಸಮುದ್ರದ ಮೂಲಕ ದಂಡೆತ್ತಿ ಬಂದದ್ದು ಈ ಊರಿನ ಮೇಲೆ. ಹಣ ಇಲ್ಲದ ಊರಿಗೆ ಅಷ್ಟು ದೂರದಿಂದ ಹಡಗು ತಗೊಂಡು ಯಾರು ಬರ್ತಾರೆ?

ಎರಡೂ ಊರುಗಳು ಕಡಲಿನ ದಡದಲ್ಲಿಲ್ಲ, ನದಿಯಲ್ಲಿ ಸ್ವಲ್ಪ ಒಳಗಿವೆ. ಹಾಯಿ ಹಡಗಿನ ಕಾಲಕ್ಕೆ ಇದೇ ಸರಿಯಾದ ಜಾಗ. ಅಲೆಯ ಹೊಡೆತ ಇಲ್ಲ, ಘಟ್ಟದಿಂದ ಬರುವ ಮೆಣಸು, ಬಯಲಿನ ಅಕ್ಕಿ ಎರಡೂ ದೋಣಿಯಲ್ಲಿ ಇಳಿಯುತ್ತವೆ. ಆದರೆ ಹೂಳು ನಿಲ್ಲುವ ನದಿಯೊಳಕ್ಕೆ ದೊಡ್ಡ ಹಡಗು ಬರಲಾರದು. ರಾಜ್ಯಗಳು ಬದಲಾದವು, ವ್ಯಾಪಾರ ಬೇರೆ ಬಂದರಿಗೆ ಹೋಯಿತು, ಆಮೇಲೆ ರಸ್ತೆ ಬಂತು. ಇವತ್ತು ಗಂಗೊಳ್ಳಿಯ ಮೀನುಗಾರರು ಅಳಿವೆಯ ಹೂಳು ತೆಗೆಯಿರಿ ಅಂತ ಕೇಳುವಾಗ ನೆನಪಿಡಬೇಕಾದ್ದು ಇದು: ಈ ಮಾತಿನ ಹಿಂದೆ ಬಾರಕೂರು, ಬಸ್ರೂರು ಇವೆ.

ಬಂದರುಗಳ ನಾಡಿನಲ್ಲಿ ಜನರೂ ಬೇರೆಬೇರೆ ತರದವರು. ಬ್ರಹ್ಮಾವರದ ಸಂತ ಮೇರಿ ಸಿರಿಯನ್ ಕ್ಯಾಥೆಡ್ರಲ್‌ಗೆ ಹೋದರೆ ಆಶ್ಚರ್ಯ ಕಾದಿದೆ. ಇಲ್ಲಿನ ಸಮುದಾಯದ ಮನೆಮಾತು ಕೊಂಕಣಿ, ಪೂಜೆಯ ಕ್ರಮ ಸಿರಿಯನ್ ಆರ್ಥೊಡಾಕ್ಸ್ ಪರಂಪರೆಯದ್ದು. 19ನೇ ಶತಮಾನದ ಕೊನೆಯಲ್ಲಿ ಇವರ ಹಿರಿಯರು ರೋಮನ್ ಕ್ಯಾಥೊಲಿಕ್ ಚರ್ಚಿನಿಂದ ಬೇರೆಯಾದರು.

ಕುದ್ರು, ಕಾಂಡ್ಲಾ, ಕಡಲಾಮೆ

ಉಪ್ಪಿನಕುದ್ರು ಕುಂದಾಪುರದ ಹತ್ತಿರ ನೀರು ಸುತ್ತುವರಿದ ಊರು. ಯಕ್ಷಗಾನ ಗೊಂಬೆಯಾಟದಿಂದ ಪ್ರಸಿದ್ಧ. ಕೊಗ್ಗ ಕಾಮತರ ಮನೆತನ ತಲೆತಲಾಂತರದಿಂದ ನಡೆಸಿಕೊಂಡು ಬಂದ ಸೂತ್ರದ ಗೊಂಬೆಗಳು ಬಡಗುತಿಟ್ಟಿನ ವೇಷ ತೊಟ್ಟು, ಭಾಗವತರ ಹಾಡಿಗೆ ಹೆಜ್ಜೆ ಹಾಕುತ್ತವೆ. ಮೆಕ್ಯಾನಿಕಲ್‌ನವರು ದಾರಗಳನ್ನು ನೋಡುತ್ತಾ ಕಥೆ ಮರೆಯುತ್ತಾರೆ. ನಮಗೆ ಹಾಗೇ ಆಯಿತು.

ಸಾಲಿಗ್ರಾಮದಲ್ಲಿ ಕಯಾಕಿಂಗ್ ಮಾಡುವುದು ಸೀತಾ ನದಿಯ ಹಿನ್ನೀರಿನ ಕಾಂಡ್ಲಾ ಗಿಡಗಳ ನಡುವೆ. ಮ್ಯಾಂಗ್ರೋವ್‌ಗೆ ಇಲ್ಲಿನ ಹೆಸರು ಕಾಂಡ್ಲಾ. ಉಪ್ಪುನೀರಿನ ಕೆಸರಿನಲ್ಲಿ ಗಾಳಿ ಸಿಗುವುದಿಲ್ಲ, ಅದಕ್ಕೆ ಇವುಗಳ ಬೇರು ಕೆಸರಿನಿಂದ ಹೊರಗೆ ಬಂದು ಉಸಿರಾಡುತ್ತದೆ. ಅದೇ ಬೇರು ದಡದ ಮಣ್ಣನ್ನು ಹಿಡಿಯುತ್ತದೆ, ಮೀನಿನ ಮರಿಗಳಿಗೆ ಅಡಗುವ ಜಾಗ ಕೊಡುತ್ತದೆ. ಕಲ್ಲಿನ ಗೋಡೆ ಮಾಡುವ ಕೆಲಸ ಇಲ್ಲಿ ಒಂದು ಗಿಡ ಬಿಲ್ ಇಲ್ಲದೆ ಮಾಡುತ್ತಿದೆ.

ಕುಂದಾಪುರದ ಕೋಡಿ ಬೀಚ್‌ನಲ್ಲಿ ಸೀ ವಾಕ್ ಇದೆ, ಸಂಜೆ ಚೆನ್ನಾಗಿರುತ್ತೆ. ಅದೇ ಮರಳಿನಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಊರಿನವರು, ಅರಣ್ಯ ಇಲಾಖೆಯವರು ಗೂಡಿನ ಸುತ್ತ ಬಲೆ ಕಟ್ಟಿ ಕಾಯುತ್ತಾರೆ. ಸುಮಾರು 45ರಿಂದ 60 ದಿನಕ್ಕೆ ಮರಿ ಹೊರಬರುತ್ತದೆ. ಹುಟ್ಟಿದ ಮರಿ ಕಡಲಿನ ಮೇಲಿನ ಬೆಳಕು ನೋಡಿ ದಾರಿ ಹಿಡಿಯುತ್ತದೆ. ನಮ್ಮ ಟಾರ್ಚ್, ಬೈಕ್ ಹೆಡ್‌ಲೈಟ್ ಬೆಳಕಿಗೆ ಅದು ಉಲ್ಟಾ ರಸ್ತೆಯ ಕಡೆ ಹೋಗುತ್ತದೆ. ರಾತ್ರಿ ಬೀಚ್ ಪಾರ್ಟಿ ಪ್ಲ್ಯಾನ್ ಇದ್ದರೆ ಇದೊಂದು ಮಾತು ನೆನಪಿರಲಿ.

ಅಜ್ಜಿಯ ಕನ್ನಡ

ಬ್ರಹ್ಮಾವರದಿಂದ ಉತ್ತರಕ್ಕೆ ಹೋದ ಹಾಗೆ ತುಳು ಕಡಿಮೆಯಾಗಿ ಕುಂದಾಪ್ರ ಕನ್ನಡ ಶುರುವಾಗುತ್ತದೆ. ಗೆಳೆಯನ ಅಜ್ಜಿ ನಮ್ಮನ್ನು ನೋಡಿ, "ಬನಿ ಮಕ್ಳೆ, ಕೂಕಣಿ. ಎಂತ ಕಾಂಬುಕೆ ಬಂದದ್ದ್?" ಅಂದರು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾವು ಮುಖ ಮುಖ ನೋಡಿಕೊಂಡೆವು. ಆಮೇಲೆ ತಿಳಿಯಿತು, ಕಾಂಬ, ತಿಂಬ, ಹೋಪ, ಬಪ್ಪ ಅನ್ನುವ ರೂಪಗಳು ಹಳಗನ್ನಡಕ್ಕೆ ತುಂಬ ಹತ್ತಿರ. ಪಠ್ಯದಲ್ಲಿ ಕಷ್ಟಪಟ್ಟು ಓದಿ ಮರೆತ ಕನ್ನಡ ಈ ಮನೆಯಲ್ಲಿ ಹಾಲ್ಬಾಯಿ ಬಡಿಸುತ್ತಿತ್ತು. 2019ರಿಂದ ಆಷಾಢದ ಅಮಾವಾಸ್ಯೆಯನ್ನು ವಿಶ್ವ ಕುಂದಾಪ್ರ ಕನ್ನಡ ದಿನ ಅಂತ ಆಚರಿಸುತ್ತಾರೆ.

ಮೂರು ತಾಲೂಕಿಗೂ ಒಬ್ಬೊಬ್ಬ ದೊಡ್ಡ ಬರಹಗಾರರಿದ್ದಾರೆ. ಬ್ರಹ್ಮಾವರ ತಾಲೂಕಿನ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತ, ಬೈಂದೂರು ಕಡೆಯ ಮೊಗೇರಿಯಲ್ಲಿ 1918ರಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗ, ಕುಂದಾಪುರದಲ್ಲಿ 1945ರಲ್ಲಿ ಹುಟ್ಟಿದ ವೈದೇಹಿ. ಕೋಟತಟ್ಟುವಿನಲ್ಲಿ ಕಾರಂತ ಥೀಮ್ ಪಾರ್ಕ್ ಇದೆ. ಹೋಗುವ ಮುಂಚೆ 'ಮರಳಿ ಮಣ್ಣಿಗೆ' ಓದಿ. ಕಡಲು ಮತ್ತು ಹೊಳೆಯ ನಡುವೆ ಬದುಕುವುದು ಎಂದರೆ ಏನು ಅಂತ ನಾವು ಈ ಲೇಖನದಲ್ಲಿ ಹೇಳಲಾಗದ್ದೆಲ್ಲ ಅದರಲ್ಲಿದೆ.

ಹೋಗುವವರಿಗೆ

ಎರಡು ದಿನ ಸಾಕು, ಮೂರಾದರೆ ಒಳ್ಳೆಯದು. ಮೊದಲ ದಿನ ಕೊಲ್ಲೂರು, ಕೊಡಚಾದ್ರಿ ನೋಡಿಕೊಂಡು ಇಳಿಯಿರಿ. ಎರಡನೇ ದಿನ ಬೈಂದೂರಿನ ಒತ್ತಿನೆಣೆ ಗುಡ್ಡದಿಂದ ಶುರುಮಾಡಿ ಮರವಂತೆ, ಗಂಗೊಳ್ಳಿ, ಉಪ್ಪಿನಕುದ್ರು, ಬಸ್ರೂರು. ಮೂರನೇ ದಿನ ಕೋಟೇಶ್ವರದ ದೊಡ್ಡ ಕೆರೆ, ಕೋಟ, ಸಾಲಿಗ್ರಾಮ, ಬಾರಕೂರು, ಕೋಡಿ ಬೆಂಗ್ರೆ. ನವೆಂಬರ್–ಡಿಸೆಂಬರ್‌ನಲ್ಲಿ ಹೋದರೆ ಕೋಟೇಶ್ವರದ ಕೊಡಿ ಹಬ್ಬ ಸಿಗಬಹುದು, ಹೊಸದಾಗಿ ಮದುವೆಯಾದವರು ಬಂದು ಕಬ್ಬು ಕೊಂಡು ಹೋಗುತ್ತಾರೆ. ಮಳೆಗಾಲದಲ್ಲಿ ಜಲಪಾತಗಳಿಗೆ ಪ್ರವೇಶ ಬಂದ್ ಅಂದರೆ ಬಂದ್, ಹಿಂದಿನ ದಾರಿ ಹುಡುಕಬೇಡಿ. ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ. ಸಮುದ್ರ ಗೊತ್ತಿರುವವರೇ ದಡದಲ್ಲಿರುವಾಗ ನಮಗೆ ಅಲ್ಲಿ ಕೆಲಸ ಇಲ್ಲ.

ವಾಪಸ್ ಬರುವ ರಾತ್ರಿ ಅದೇ ಪಂಚಗಂಗಾದಲ್ಲಿ ಕೂತಿದ್ದೆವು. ಟ್ರೇನು ಕುಂದಾಪುರ ಬಿಟ್ಟ ಮೇಲೆ ಒಂದೊಂದೇ ಸೇತುವೆ ದಾಟುವಾಗ ಸದ್ದು ಬದಲಾಗುತ್ತಿತ್ತು. ಕಿಟಕಿಯಲ್ಲಿ ಕತ್ತಲು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆದರೂ ಪ್ರತಿ ಸಲ ಸದ್ದು ಬದಲಾದಾಗ ನಮ್ಮಲ್ಲಿ ಒಬ್ಬರಾದರೂ, "ಇದು ಯಾವ ಹೊಳೆ?" ಅಂತ ಕೇಳುತ್ತಿದ್ದೆವು. ಬರುವಾಗ ನಾವು ಆ ಸದ್ದುಗಳನ್ನೆಲ್ಲ ನಿದ್ದೆಯಲ್ಲೇ ದಾಟಿಕೊಂಡು ಬಂದಿದ್ದೆವು.